ಮುಕ್ಕಾಲು ಡಾಲರಿನ ಲೆಕ್ಕ

ಅಮೆರಿಕದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಅವರು, ಸಂಶೋಧನೆಯ ಧನಸಹಾಯ ಮುಗಿದುದರಿಂದ, 1986ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕಯಂತ್ರ ವಿಭಾಗವನ್ನು ಸೇರಿದರು. ಯಂತ್ರ ಬಳಸಿದ ವೇಳೆಗೆ ಶುಲ್ಕ ಪಡೆಯುವುದು ಆಗ ಅಲ್ಲಿನ ಪದ್ಧತಿಯಾಗಿತ್ತು. ಆ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಅದನ್ನು ಕಡೆಗಣಿಸದೆ ಶೋಧಿಸಿದಾಗ, ಅಪರಿಚಿತನೊಬ್ಬನು ಯಂತ್ರವನ್ನು ಹೊಕ್ಕು, ಅಲ್ಲಿಂದ ಸೇನೆಯ ಗಣಕಯಂತ್ರಗಳನ್ನು ತಡಕುತ್ತಿರುವುದು ತಿಳಿಯಿತು.

ಸ್ಟೋಲ್ ಅವರು ಅವನನ್ನು ಹೊರದೂಡದೆ, ಅವನ ಆದೇಶಗಳನ್ನೆಲ್ಲ ಮುದ್ರಿಸಿಟ್ಟರು. ಹುಸಿ ರಕ್ಷಣಾ ಕಡತಗಳನ್ನೊಡ್ಡಿ ಅವನನ್ನು ಹೆಚ್ಚು ಹೊತ್ತು ನಿಲ್ಲಿಸಿದರು. ಅಷ್ಟರಲ್ಲಿ ದೂರವಾಣಿಯ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಸೋವಿಯತ್ ಗೂಢಚರ್ಯೆಗೆ ಮಾಹಿತಿ ಮಾರಿದ ಮಾರ್ಕುಸ್ ಹೆಸ್ 1990ರಲ್ಲಿ ಶಿಕ್ಷೆಗೊಳಗಾದನು.

ಈ ಅನುಭವವನ್ನು ಸ್ಟೋಲ್ ಅವರು 1989ರಲ್ಲಿ 'ದಿ ಕುಕೂಸ್ ಎಗ್' ಎಂಬ ಗ್ರಂಥವಾಗಿ ಪ್ರಕಟಿಸಿದರು. ಅಲ್ಪ ಲೆಕ್ಕವನ್ನೂ ಕೊನೆಮುಟ್ಟಿಸುವ ಕಾಯಕನಿಷ್ಠೆಯೇ ಭದ್ರತೆಯ ಬುನಾದಿಯೆಂಬುದು ಅದರಿಂದ ನಮಗೆ ವೇದ್ಯವಾಗುತ್ತದೆ.