ಕ್ರೀಡಾವಿದ್ಯಾರ್ಥಿಯ ಹೆಸರು ಯಾರ ಸ್ವತ್ತು?

ಕಡೂರಿನ ವೇದಾ ಕೃಷ್ಣಮೂರ್ತಿಯವರು 2025ರ ಜುಲೈ ತಿಂಗಳಲ್ಲಿ ಕ್ರಿಕೆಟಿನಿಂದ ನಿವೃತ್ತರಾದರು. 1992ರಲ್ಲಿ ಜನಿಸಿ, ಕಡೂರಿನ ಬೀದಿಗಳಲ್ಲಿ ಬ್ಯಾಟು ಹಿಡಿದು, ಹದಿಮೂರರ ಎಳೆ ಹರೆಯದಲ್ಲಿ ಬೆಂಗಳೂರಿನ ಅಭ್ಯಾಸಶಾಲೆಯನ್ನು ಸೇರಿದ ಈ ಯುವತಿ, 2011ರ ಜೂನ್ 30ರಂದು ಡರ್ಬಿಯಲ್ಲಿ ಇಂಗ್ಲೆಂಡಿನೆದುರು ಆಡಿದ ತಮ್ಮ ಪ್ರಥಮ ಏಕದಿನ ಪಂದ್ಯದಲ್ಲಿಯೇ 51 ರನ್ನು ಗಳಿಸಿದರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನೆದುರು 45 ಚೆಂಡುಗಳಲ್ಲಿ 70 ರನ್ನು ಹೊಡೆದು ಭಾರತವನ್ನು ಮುಂದಿನ ಸುತ್ತಿಗೆ ಸಾಗಿಸಿದವರಲ್ಲಿ ಅವರೂ ಒಬ್ಬರು. ಈ ಕೀರ್ತಿ ಸರ್ವವಿದಿತವಾದುದು. ಆದರೆ ಆ ಕೀರ್ತಿಗೆ ತಕ್ಕ ದ್ರವ್ಯವು ಯಾವಾಗ ಬಂದಿತೆಂಬುದನ್ನು ವಿಚಾರಿಸಿದವರು ವಿರಳ.

ವರ್ಷಗಳನ್ನು ಸಾಲಾಗಿ ಇಟ್ಟು ನೋಡೋಣ. ಭಾರತದ ಕ್ರಿಕೆಟ್ ಮಂಡಳಿಯು ಮಹಿಳೆಯರಿಗೆ ವಾರ್ಷಿಕ ಒಪ್ಪಂದದ ಸಂಭಾವನೆಯನ್ನು ಮೊದಲು ಕೊಟ್ಟುದು 2015ರಲ್ಲಿ. ಮೇಲಿನ ದರ್ಜೆಗೆ 15 ಲಕ್ಷ, ಕೆಳಗಿನ ದರ್ಜೆಗೆ 10 ಲಕ್ಷ ರೂಪಾಯಿ. 2017ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಒಂಬತ್ತು ರನ್ನುಗಳಿಂದ ಸೋತ ತಂಡಕ್ಕೆ ತಲಾ 50 ಲಕ್ಷ ರೂಪಾಯಿಯ ಬಹುಮಾನ ಘೋಷಿತವಾಯಿತು. ಆ ತಂಡದ ಹತ್ತು ಮಂದಿ ರೈಲ್ವೆಯ ನೌಕರಿಯನ್ನು ನೆಚ್ಚಿಕೊಂಡಿದ್ದರು. ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದುದು 2023ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಗುಜರಾತಿನ ತಂಡವು ವೇದಾ ಅವರನ್ನು 30 ಲಕ್ಷಕ್ಕೆ ಪಡೆಯಿತು. ಅಷ್ಟರಲ್ಲಿ ಅವರಿಗೆ ವಯಸ್ಸು ಮೂವತ್ತೊಂದು. ಊರು ಬಿಟ್ಟು, ಪರಸ್ಥಳದಲ್ಲಿ ಮನೆ ಹೂಡಿ, ಬ್ಯಾಟು, ಪ್ಯಾಡು, ಪ್ರಯಾಣ, ಪೌಷ್ಟಿಕ ಆಹಾರಗಳಿಗೆ ಕೈಯಿಂದ ವೆಚ್ಚ ಮಾಡಬೇಕಾದ ಹದಿಮೂರರಿಂದ ಇಪ್ಪತ್ತೊಂದರವರೆಗಿನ ವಿದ್ಯಾರ್ಥಿದೆಸೆಯಲ್ಲಿ ನಮ್ಮ ಸಮಾಜವು ಆಟಗಾರರಿಗೆ ಹಾರ ಹಾಕುತ್ತದೆ, ಹಣ ಕೊಡುವುದಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆದಕಾರಣ, ಓದುತ್ತಲೇ ಆಡುವ ವಿದ್ಯಾರ್ಥಿಯು ತನ್ನ ಹೆಸರು, ಭಾವಚಿತ್ರ, ಜನಪ್ರಿಯತೆಗಳಿಂದ ನ್ಯಾಯವಾಗಿ ನಾಲ್ಕು ಕಾಸು ಸಂಪಾದಿಸಬಹುದೇ, ಸಂಪಾದಿಸುವುದಾದರೆ ಯಾವ ಕಟ್ಟಿನೊಳಗೆ ಎಂಬ ಪ್ರಶ್ನೆಯು ಇಂದು ವಿಚಾರಾರ್ಹವಾಗಿದೆ.

ಇದಕ್ಕೆ ಹಿರಿಯರು ತರುವ ಆಕ್ಷೇಪಣೆ ಒಂದುಂಟು. ವಿದ್ಯೆಯೂ ಆಟವೂ ಮಾರಾಟದ ಸರಕಲ್ಲ. ಹಣದ ರುಚಿ ಹತ್ತಿದ ಹುಡುಗ ಪುಸ್ತಕವನ್ನೂ ಬಿಟ್ಟಾನು, ಆಟವನ್ನೂ ಕೆಟ್ಟಾನು ಎಂದು. ಈ ಭಯವು ನಿರಾಧಾರವಲ್ಲ. ಆದರೆ ಹಣ ಮುಟ್ಟದ ಆಟವೇ ಶುದ್ಧವೆಂಬ ತತ್ತ್ವವು ನಮ್ಮ ನಾಡಿನದಲ್ಲ. ಮೈಸೂರಿನ ಅರಸರು ಗರಡಿಯ ಜಟ್ಟಿಗಳಿಗೆ ಆಶ್ರಯವಿತ್ತು ಸಾಕಿದರು. ದಸರೆಯ ಅಖಾಡದಲ್ಲಿ ಗೆದ್ದವನು ಬಹುಮಾನ ಪಡೆದರೆ ಅವನ ಮಾನಕ್ಕೆ ಕುಂದೆಂದು ಯಾರೂ ಎಣಿಸಲಿಲ್ಲ. ಆ ತತ್ತ್ವ ಬಂದುದು ಉಣ್ಣಲು ಉಡಲು ಚಿಂತೆಯಿಲ್ಲದ ಆಂಗ್ಲ ಶ್ರೀಮಂತರ ಮೈದಾನಗಳಿಂದ. ಅಲ್ಲಿ ಹಣವಂತರು ‘ಸಭ್ಯರು’, ಕೂಲಿ ಪಡೆದವರು ಬರಿಯ ‘ಆಟಗಾರರು’. ಈ ಪಂಕ್ತಿಭೇದವನ್ನು ಇಂಗ್ಲೆಂಡಿನ ಕ್ರಿಕೆಟಿಗರೇ 1962ರಲ್ಲಿ ತೊಡೆದುಹಾಕಿದರು. 1912ರ ಒಲಿಂಪಿಕ್ಸಿನಲ್ಲಿ ಎರಡು ಸ್ವರ್ಣಪದಕಗಳನ್ನು ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಹಿಂದೆ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಒಂದೇ ಕಾರಣಕ್ಕಾಗಿ ಪದಕಗಳನ್ನು ಕಳೆದುಕೊಂಡನು. ಅವನು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2022ರಲ್ಲಿ, ಅವನೊಬ್ಬನೇ ವಿಜೇತನೆಂಬ ಪೂರ್ಣ ಮನ್ನಣೆ ದೊರೆಯಿತು. ಬಡವನ ಮಗನನ್ನು ಆಟದಿಂದ ದೂರವಿಡುವುದಕ್ಕೆ ಈ ‘ಶುದ್ಧತೆ’ಗಿಂತ ಉತ್ತಮ ಸಾಧನವಿರಲಿಲ್ಲ.

ಇದೇ ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳ ಆಟಗಳು ದೂರದರ್ಶನದ ಮೂಲಕ ಅಪಾರ ಹಣವನ್ನು ತರುತ್ತಿದ್ದರೂ, ಆಡಿದ ವಿದ್ಯಾರ್ಥಿಯು ತನ್ನ ಹಸ್ತಾಕ್ಷರವನ್ನು ಮಾರಿದರೆ ಅನರ್ಹನಾಗುತ್ತಿದ್ದನು. ಕ್ಯಾಲಿಫೋರ್ನಿಯ ರಾಜ್ಯವು 2019ರಲ್ಲಿ ಈ ಅನ್ಯಾಯವನ್ನು ನೀಗುವ ಶಾಸನವನ್ನು ಮಾಡಿತು. 2021ರ ಜೂನ್ 21ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರೂ ಏಕಮತದಿಂದ, ವಿದ್ಯಾಭ್ಯಾಸದ ಸಂಬಂಧವಾದ ಸೌಕರ್ಯಗಳನ್ನು ಮಿತಿಗೊಳಿಸುವ ಕಟ್ಟಳೆಗಳು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಜುಲೈ 1ರಿಂದ ಹೆಸರು, ಚಿತ್ರ, ಹೋಲಿಕೆಗಳಿಂದ ಸಂಪಾದಿಸುವ ಹಕ್ಕು ವಿದ್ಯಾರ್ಥಿಗಳಿಗೆ ಬಂದಿತು. 2025ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ಇನ್ನೊಂದು ರಾಜಿಯಂತೆ, ವಿಶ್ವವಿದ್ಯಾಲಯವೊಂದು ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ಹಂಚಬಹುದು. ಹೊರಗಿನವರೊಡನೆ ಮಾಡಿಕೊಂಡ 600 ಡಾಲರಿಗೆ ಮೀರಿದ ಒಪ್ಪಂದಗಳನ್ನು ಪರಿಶೀಲನೆಗೆ ಒಪ್ಪಿಸಬೇಕು. ಆದರೆ ಅಲ್ಲಿ ಎಲ್ಲವೂ ಹಸನಾಗಿದೆಯೆಂದಲ್ಲ. ಹೆಚ್ಚು ಹಣ ಕಂಡಲ್ಲಿಗೆ ಕಾಲೇಜು ಬದಲಿಸುವ ಚಾಳಿ ಬೆಳೆದಿದೆ. ಅಮೆರಿಕಕ್ಕೆ ಓದಲು ಹೋಗುವ ನಮ್ಮ ಮಕ್ಕಳಂತೂ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು: ವಿದ್ಯಾರ್ಥಿ ವೀಸಾದ ಮೇಲಿರುವವರ ದುಡಿಮೆಗೆ ಬಿಗಿಯಾದ ನಿರ್ಬಂಧವಿದೆ. ವಕೀಲರನ್ನು ಕೇಳದೆ ಜಾಹೀರಾತಿಗೆ ಸಹಿ ಹಾಕಿದರೆ ವೀಸಾಕ್ಕೇ ಸಂಚಕಾರ ಬರಬಹುದು.

ಇನ್ನು ನಮ್ಮ ನಾಡಿನ ಸ್ಥಿತಿಗೆ ಬರೋಣ. ಕ್ರೀಡಾವಿದ್ಯಾರ್ಥಿಯ ಹೆಸರನ್ನು ಮಾರಬಾರದೆಂದು ಹೇಳುವವರು ಗಮನಿಸಬೇಕಾದುದೇನೆಂದರೆ, ಆ ಹೆಸರು ಈಗಾಗಲೇ ಮಾರಾಟವಾಗುತ್ತಿದೆ. ಜೂನ್ ತಿಂಗಳು ಬಂದಿತೆಂದರೆ ಪದಕ ಗೆದ್ದ ಹುಡುಗ ಹುಡುಗಿಯರ ಭಾವಚಿತ್ರಗಳು ಖಾಸಗಿ ಕಾಲೇಜುಗಳ ಪ್ರವೇಶದ ಜಾಹೀರಾತುಗಳಲ್ಲಿ ರಾರಾಜಿಸುತ್ತವೆ. ಶುಲ್ಕದಲ್ಲಿ ರಿಯಾಯಿತಿ ಕೊಟ್ಟ ಸಂಸ್ಥೆಗಳು ಇವೆ, ಅವಕ್ಕೆ ವಂದನೆ. ಆದರೆ ಆ ರಿಯಾಯಿತಿಗೆ ಪ್ರತಿಯಾಗಿ ತನ್ನ ಮುಖವನ್ನು ಎಷ್ಟು ವರ್ಷ ಬಳಸಲು ಒಪ್ಪಿದ್ದೇನೆಂಬುದು ವಿದ್ಯಾರ್ಥಿಗೆ ಗೊತ್ತಿರುವುದು ಅಪರೂಪ. ಅಜ್ಜಂಪುರದ ಅಮೃತ ಮಹಲ್ ರಾಸುಗಳ ಕಥೆ ಈ ಸೀಮೆಯವರಿಗೆ ಹೊಸದಲ್ಲ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನಿಸಿದ ಆ ದನಗಳ ಮೈಮೇಲೆ ಒತ್ತುತ್ತಿದ್ದ ಮುದ್ರೆ ಒಡೆಯನದಾಗಿತ್ತು. ಇಂದು ‘ಬ್ರ್ಯಾಂಡ್’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಆ ಮಾತಿನ ಮೂಲಾರ್ಥವೂ ಕಾಯಿಸಿ ಒತ್ತಿದ ಮುದ್ರೆಯೇ. ಎತ್ತಿನ ಮುದ್ರೆ ಒಡೆಯನಿಗೆ ಸಲ್ಲಲಿ; ವಿದ್ಯಾರ್ಥಿಯ ಮುದ್ರೆ ವಿದ್ಯಾರ್ಥಿಗೇ ಸಲ್ಲಬೇಕು. ನಾವು ಹೇಳಬೇಕಾದುದರ ಸಾರಾಂಶ ಇಷ್ಟೇ.

ಹಾಗಾದರೆ ಸಂಪಾದನೆಯ ಸನ್ಮಾರ್ಗಗಳು ಯಾವುವು? ಮೊದಲನೆಯದು, ಕಲಿತುದನ್ನು ಕಲಿಸುವುದು. ಬೇಸಗೆಯ ರಜೆಯಲ್ಲಿ ಊರಿನ ಮಕ್ಕಳಿಗೆ ಶಿಬಿರ ನಡೆಸಿದರೆ ಹಣವೂ ಬರುವುದು, ಊರಿನ ಋಣವೂ ತೀರುವುದು. ತನ್ನ ಆಟಕ್ಕೂ ಸಾಣೆ ಹಿಡಿದಂತಾಗುವುದು. ಎರಡನೆಯದು, ಸ್ಥಳೀಯ ವರ್ತಕರ ಪ್ರಾಯೋಜಕತ್ವ. ಮುಂಬಯಿಯ ದೊಡ್ಡ ಕಂಪನಿಗಳು ಜಿಲ್ಲಾ ಮಟ್ಟದ ಓಟಗಾರ್ತಿಯನ್ನು ಹುಡುಕಿಕೊಂಡು ಬರುವುದಿಲ್ಲ. ಕಡೂರು, ಬೀರೂರು, ತರೀಕೆರೆಗಳ ಜವಳಿ ಅಂಗಡಿ, ಪಾದರಕ್ಷೆಯ ಅಂಗಡಿ, ಅಡಿಕೆ ಮಂಡಿಗಳ ಮಾಲೀಕರಿಗೆ ಆಕೆಯ ಮುಖ ಪರಿಚಿತ. ಅವರ ಹತ್ತು ಸಾವಿರ ರೂಪಾಯಿ ಸಕಾಲದಲ್ಲಿ ಬಂದರೆ ಮುಂದಿನ ಹತ್ತು ಲಕ್ಷಕ್ಕಿಂತ ಹಿರಿದು. ಮೂರನೆಯದು, ತನ್ನ ಅಭ್ಯಾಸದ ಚಿತ್ರಗಳನ್ನು ಕನ್ನಡದ ವಿವರಣೆಯೊಡನೆ ಜಾಲತಾಣಗಳಲ್ಲಿ ಪ್ರಕಟಿಸಿ, ನೋಡುಗರನ್ನು ಕೂಡಿಸಿಕೊಂಡು, ಅದರಿಂದ ಬರುವ ಜಾಹೀರಾತಿನ ಪಾಲನ್ನು ಪಡೆಯುವುದು. ಇದಕ್ಕೆ ತಾಳ್ಮೆ ಬೇಕು, ಫಲ ಅನಿಶ್ಚಿತ. ನಾಲ್ಕನೆಯದು, ಶಾಲೆ, ಸಂಘಗಳ ಸಮಾರಂಭಗಳಿಗೆ ಹೋಗಿ ಮಾತನಾಡಿದುದಕ್ಕೆ ಗೌರವಧನ. ಶಾಲು ಹೊದಿಸಿ ಫಲತಾಂಬೂಲ ಕೊಟ್ಟು ಕಳುಹಿಸುವ ಸಂಘಗಳು, ಬಸ್ಸಿನ ಖರ್ಚನ್ನಾದರೂ ಲಕೋಟೆಯಲ್ಲಿಟ್ಟು ಕೊಡುವ ಪದ್ಧತಿಯನ್ನು ಬೆಳೆಸಬೇಕು.

ಭಾರತದಲ್ಲಿ ಇದು ತೀರ ಹೊಸದೇನೂ ಅಲ್ಲ. ಸಿ. ಕೆ. ನಾಯುಡು ಅವರು 1941ರಲ್ಲಿಯೇ ಒಂದು ಔಷಧದ ಜಾಹೀರಾತಿಗೆ ತಮ್ಮ ಹೆಸರನ್ನು ಕೊಟ್ಟಿದ್ದರು. ಆದರೆ ನಾಯುಡು ಆಗ ನಾಲ್ವತ್ತು ದಾಟಿದ ಪ್ರೌಢರು. ನಮ್ಮೆದುರಿಗಿರುವವರು ಹದಿನಾರು ಹದಿನೇಳರ ಮಕ್ಕಳು. ಆಪತ್ತಿರುವುದು ಇಲ್ಲಿಯೇ.

1872ರ ಕರಾರು ಶಾಸನದಂತೆ, ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಅಸಿಂಧು. 1903ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ನಿಸ್ಸಂದಿಗ್ಧವಾಗಿ ಸಾರಿತು. ಇದು ಬಾಲಕರಿಗೆ ರಕ್ಷೆಯೆಂದು ತೋರಿದರೂ ಎರಡಲಗಿನ ಕತ್ತಿ. 1949ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಂದೆ ಬಂದ ರಾಜರಾಣಿಯ ಮೊಕದ್ದಮೆಯನ್ನು ನೋಡಿರಿ. ಅಪ್ರಾಪ್ತ ವಯಸ್ಸಿನ ಆ ನಟಿಯ ಪರವಾಗಿ ಆಕೆಯ ತಂದೆ ಚಲಚ್ಚಿತ್ರದ ನಿರ್ಮಾಪಕನೊಡನೆ ಕರಾರು ಮಾಡಿಕೊಂಡಿದ್ದನು. ನಿರ್ಮಾಪಕ ಪಾತ್ರವನ್ನು ಬೇರೊಬ್ಬರಿಗೆ ಕೊಟ್ಟಾಗ ಆಕೆ ನಷ್ಟ ಕೇಳಿದಳು. ಕರಾರೇ ಅಸಿಂಧುವಾದುದರಿಂದ ಆಕೆಗೆ ಏನೂ ದಕ್ಕಲಿಲ್ಲ. ಆದುದರಿಂದ ಬಾಲಕರಿಗೆ ಕೊಡಬೇಕಾದ ಹಣವನ್ನು ಮುಂಗಡವಾಗಿ, ಅವರದೇ ಬ್ಯಾಂಕಿನ ಖಾತೆಗೆ ಪಡೆಯುವುದೇ ಕ್ಷೇಮ. ‘ಮುಂದೆ ಕೊಡುತ್ತೇವೆ’ ಎಂಬ ಮಾತಿಗೆ ನ್ಯಾಯಾಲಯದ ಬೆಂಬಲ ದುರ್ಲಭ.

ವಯಸ್ಸಿಗೆ ಬಂದವರ ವಿಷಯದಲ್ಲಿಯೂ ಎಚ್ಚರ ಬೇಕು. ವೇಗದ ಬೌಲರ್ ಜಹೀರ್ ಖಾನ್ ಎಳೆಯ ಹರೆಯದಲ್ಲಿ ಒಂದು ಸಂಸ್ಥೆಯೊಡನೆ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡಿದ್ದರು. ಅವಧಿ ತೀರಿದ ಮೇಲೆ ಬರುವ ಹೊಸ ಅವಕಾಶವನ್ನೂ ಮೊದಲು ತಮಗೇ ತೋರಿಸಬೇಕೆಂದು ಆ ಸಂಸ್ಥೆ ಹಟ ಹಿಡಿಯಿತು. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಅವಧಿಯಾಚೆಗೆ ಒಬ್ಬನ ವೃತ್ತಿಯನ್ನು ಕಟ್ಟಿಹಾಕುವ ಷರತ್ತು ಕರಾರು ಶಾಸನದ 27ನೆಯ ಕಲಮಿನಂತೆ ಅಸಿಂಧುವೆಂದಿತು. ಜಹೀರ್ ಗೆದ್ದರು, ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುವ ಶಕ್ತಿ ಅವರಿಗಿತ್ತು. ತರೀಕೆರೆಯ ರೈತನ ಮಗಳಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಆಕೆ ಸಹಿ ಹಾಕುವ ಮೊದಲೇ ಕಾಗದವನ್ನು ಓದಿಸಿಕೊಳ್ಳಬೇಕು.

ಇನ್ನು ಜಾಹೀರಾತಿನ ವಸ್ತು ಯಾವುದೆಂಬುದು. 2019ರ ಗ್ರಾಹಕ ಸಂರಕ್ಷಣಾ ಶಾಸನದಂತೆ, ತಕ್ಕ ವಿಚಾರಣೆ ಮಾಡದೆ ಮೋಸದ ಜಾಹೀರಾತಿಗೆ ಹೆಸರು ಕೊಟ್ಟವರಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಹಣ ಪಡೆದು ಹೊಗಳಿದುದನ್ನು ಹಣ ಪಡೆದೆನೆಂದೇ ತಿಳಿಸಬೇಕು. ಹಣ ಕಟ್ಟಿ ಆಡುವ ಜಾಲತಾಣದ ಆಟಗಳನ್ನು ಪ್ರಚಾರ ಮಾಡುವುದು 2025ರ ಶಾಸನದಿಂದ ಅಪರಾಧವಾಗಿದೆ. ಪುಷ್ಟಿಯ ಪುಡಿ ಡಬ್ಬಗಳನ್ನು ಪುಕ್ಕಟೆ ಕೊಟ್ಟು ಪ್ರಚಾರ ಬೇಡುವವರಿದ್ದಾರೆ. ಆ ಪುಡಿಯಲ್ಲಿ ನಿಷಿದ್ಧ ದ್ರವ್ಯದ ಬೆರಕೆಯಿದ್ದರೆ, ತಿಳಿಯದೆ ತಿಂದೆನೆಂದರೂ ಉದ್ದೀಪನ ನಿರೋಧದ ಕಾನೂನಿನಲ್ಲಿ ಹೊಣೆ ಆಟಗಾರನದೇ. ಒಂದು ಡಬ್ಬದ ಆಸೆಗೆ ಹಲವು ವರ್ಷಗಳ ಬಹಿಷ್ಕಾರವೆಂದರೆ ಬೆಲೆ ವಿಪರೀತವಾಯಿತು. ಹೆಣ್ಣುಮಕ್ಕಳ ಭಾವಚಿತ್ರಗಳ ವಿಷಯದಲ್ಲಂತೂ, ಯಾವ ಚಿತ್ರ, ಎಲ್ಲಿ, ಎಷ್ಟು ದಿನ ಎಂಬುದನ್ನು ಬರವಣಿಗೆಯಲ್ಲಿ ಗೊತ್ತುಪಡಿಸದೆ ಮುಂದುವರಿಯಲೇಬಾರದು.

ಇವೆಲ್ಲವನ್ನೂ ಹದಿಹರೆಯದ ಮಕ್ಕಳ ತಲೆಗೇ ಕಟ್ಟುವುದು ನ್ಯಾಯವಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯು ಆಯ್ದ ಕ್ರೀಡಾಪಟುಗಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚನ್ನು ಗೊತ್ತುಮಾಡಿತು, ಸ್ತುತ್ಯವಾದ ಕಾರ್ಯ. ಆದರೆ ಆಯ್ಕೆಯಾಗದವರ ಸಂಖ್ಯೆಯೇ ಅಧಿಕ. ಅವರಿಗಾಗಿ ಮೂರು ಕೆಲಸಗಳು ತಾಲ್ಲೂಕಿನಲ್ಲಿಯೇ ಆಗತಕ್ಕವು. ಪ್ರತಿಯೊಂದು ಕಾಲೇಜೂ ಒಂದು ಪುಟವನ್ನು ಮೀರದ, ತಿಳಿಗನ್ನಡದ ಮಾದರಿ ಒಪ್ಪಂದವನ್ನು ಸಿದ್ಧವಾಗಿಟ್ಟುಕೊಳ್ಳಲಿ. ಅವಧಿ ಒಂದು ವರ್ಷಕ್ಕೆ ಮೀರದಿರಲಿ, ಪರೀಕ್ಷೆಯ ಹಾಗೂ ಅಭ್ಯಾಸದ ದಿನಗಳಲ್ಲಿ ಯಾವ ಕೆಲಸಕ್ಕೂ ಕರೆಯಕೂಡದೆಂಬ ಷರತ್ತು ಅದರಲ್ಲಿರಲಿ. ತಾಲ್ಲೂಕಿನ ವಕೀಲರು ತಿಂಗಳಿಗೆ ಒಂದು ದಿನ ಇಂಥ ಕಾಗದಗಳನ್ನು ಧರ್ಮಾರ್ಥ ಓದಿಕೊಡಲಿ. ವಿದ್ಯಾರ್ಥಿಯ ಚಿತ್ರವನ್ನು ತನ್ನ ಪ್ರಚಾರಕ್ಕೆ ಬಳಸುವ ಸಂಸ್ಥೆ, ಅದು ಕಾಲೇಜೇ ಆಗಲಿ ಅಂಗಡಿಯೇ ಆಗಲಿ, ಲಿಖಿತ ಒಪ್ಪಿಗೆ ಪಡೆದು ಬೆಲೆ ತೆರಲಿ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಆಟಗಾರನ ಬಾಳಿನಲ್ಲಿ ಆ ಗಾಳಿ ಬೀಸುವುದು ಅಲ್ಪಕಾಲ. ಒಂದು ಮೊಣಕಾಲಿನ ಉಳುಕು ಸಾಕು, ಅದು ನಿಲ್ಲಲು. ತೂರಿದ ಕಾಳು ತೂರಿದವನ ಕಣಜ ಸೇರಬೇಕೇ ಹೊರತು ದಾರಿಹೋಕರ ಚೀಲವನ್ನಲ್ಲ. ಕಡೂರಿನಿಂದ ಮುಂದೆ ಹೊರಡುವ ಹುಡುಗಿಯು ಮೂವತ್ತು ದಾಟುವವರೆಗೆ ಕಾಯಬೇಕಾಗದಂತೆ ಮಾಡುವುದು ಅವಳ ಊರಿನವರಾದ ವರ್ತಕರ, ಅಧ್ಯಾಪಕರ, ವಕೀಲರ, ಅಧಿಕಾರಿಗಳ ಕೈಯಲ್ಲಿದೆ.