ಮನೆಯ ಹಾಲಿನಲ್ಲಿ ನೊರೆ ಕಾಫಿ



ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಒಂದು ಸಂಜೆ ಹೈನುಗಾರರೊಬ್ಬರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಪುಣೆಯಲ್ಲಿ ನೌಕರಿ ಮಾಡುವ ಅವರ ಮಗ ರಜೆಗೆ ಬಂದಿದ್ದ. ಅಲ್ಲಿ ಒಂದು ಕಪ್ಪು ಕಪುಚಿನೊ ಕಾಫಿಗೆ ಎಷ್ಟು ಹಣ ಕೊಡುತ್ತೇನೆಂದು ಆತ ಹೇಳಿದಾಗ, ತಂದೆ ತಮ್ಮ ಹಾಲಿನ ಚೀಟಿ ತೆಗೆದು ನೋಡಿದರು. ಆ ಹಣ ಎರಡು ಲೀಟರಿಗಿಂತಲೂ ಹೆಚ್ಚು ಹಾಲಿನ ಬೆಲೆಯಾಗಿತ್ತು. "ಅದರಾಗ ಏನದ ಅಂಥಾದ್ದು?" ಎಂದು ಅವರು ಕೇಳಿದರು.

ನ್ಯಾಯವಾದ ಪ್ರಶ್ನೆ. ಕಪುಚಿನೊ ಇಟಲಿ ದೇಶದ ಕಾಫಿ. ಕಪುಚಿನ್ ಪಂಥದ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಅದಕ್ಕೆ ಆ ಹೆಸರು ಬಂದಿತು. ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಗಟ್ಟಿ ಕಾಫಿ, ಒಂದು ಪಾಲು ಬಿಸಿ ಹಾಲು, ಒಂದು ಪಾಲು ಹಾಲಿನ ನೊರೆ. ಎಂದರೆ ಕಪ್ಪಿನ ಬಹುಭಾಗ ನಿಮ್ಮ ಕೊಟ್ಟಿಗೆಯಿಂದಲೇ ಹೋದ ಪದಾರ್ಥ. ಉಳಿದ ಕಾಫಿಯೂ ಪರದೇಶದ್ದಾಗಬೇಕಿಲ್ಲ. ದೇಶದಲ್ಲಿ ಬೆಳೆಯುವ ಕಾಫಿಯ ಸುಮಾರು ಶೇಕಡಾ 70 ಭಾಗ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ನಮ್ಮ ರೈತರದು. ಚಹಾ ಕುಡಿಯುವ ಬೀದರ ಜಿಲ್ಲೆಯ ಮನೆಗಳಲ್ಲಿಯೂ ಇದನ್ನು ಯಂತ್ರವಿಲ್ಲದೆ ತಯಾರಿಸಬಹುದು.

ನೊರೆ ಎಲ್ಲಿಂದ ಬರುತ್ತದೆ?

ಹಾಲು ದಪ್ಪವಿದ್ದಷ್ಟೂ ನೊರೆ ಹೆಚ್ಚೆಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಗಾಳಿಯ ಗುಳ್ಳೆಗಳನ್ನು ಹಿಡಿದು ನಿಲ್ಲಿಸುವುದು ಹಾಲಿನ ಸಸಾರಜನಕ, ಅಂದರೆ ಪ್ರೋಟೀನು. ಕೊಬ್ಬು ರುಚಿ ಕೊಡುತ್ತದೆ, ಆದರೆ ಹೆಚ್ಚಾದರೆ ನೊರೆಯನ್ನು ಕುಗ್ಗಿಸುತ್ತದೆ. ಹಾಲಿನ ಸಂಘದಲ್ಲಿ ಕೊಬ್ಬು ಮತ್ತು ಎಸ್.ಎನ್.ಎಫ್. ನೋಡಿ ಬೆಲೆ ಕಟ್ಟುವುದು ನಿಮಗೆ ಗೊತ್ತಿದೆ. ನೊರೆಯ ಶಕ್ತಿ ಆ ಎಸ್.ಎನ್.ಎಫ್. ಭಾಗದಲ್ಲಿದೆ. ಎಮ್ಮೆಯ ಹಾಲಿನಲ್ಲಿ ಆಕಳ ಹಾಲಿಗಿಂತ ಕೊಬ್ಬೂ ಹೆಚ್ಚು, ಪ್ರೋಟೀನೂ ಹೆಚ್ಚು. ಆದ್ದರಿಂದ ಎಮ್ಮೆಯ ಹಾಲನ್ನು ಕಾಯಿಸಿ, ಆರಿಸಿ, ಕೆನೆ ತೆಗೆದುಬಿಟ್ಟರೆ ನೊರೆಗೆ ಉತ್ತಮ ಹಾಲು ಸಿಗುತ್ತದೆ. ಕೆನೆ ಬೆಣ್ಣೆ, ತುಪ್ಪಕ್ಕೆ ಒದಗುತ್ತದೆ. ಏನೂ ಹಾಳಾಗುವುದಿಲ್ಲ. ದೇವಣಿ ಆಕಳ ಹಾಲಾದರೆ ತೆಳುವಾದ ಕೆನೆಯನ್ನು ತೆಗೆದರೆ ಸಾಕು.

ಹಾಲು ಹಳೆಯದಾದಂತೆ ಅದರ ಕೊಬ್ಬು ಒಡೆದು ಕೆಲವು ಆಮ್ಲಗಳು ಹುಟ್ಟುತ್ತವೆ. ಅಂಥ ಹಾಲಿನ ನೊರೆ ಎದ್ದ ಕೂಡಲೇ ಇಳಿಯುತ್ತದೆ. ನೀರು ಬೆರೆತ ಹಾಲಿನ ನೊರೆ ತೆಳುವಾಗಿರುತ್ತದೆ. ಪಾತ್ರೆಯಲ್ಲಿ ಜಿಡ್ಡು ಅಥವಾ ಸಾಬೂನು ಉಳಿದಿದ್ದರೂ ನೊರೆ ನಿಲ್ಲದು. ಸ್ವಚ್ಛ ಕೆಚ್ಚಲು, ಸ್ವಚ್ಛ ಕೈ, ಸ್ವಚ್ಛ ಪಾತ್ರೆ ಇವು ಸಂಘಕ್ಕೆ ಹಾಕುವ ಹಾಲಿಗೆ ಹೇಗೋ, ಈ ಕಾಫಿಗೂ ಹಾಗೆಯೇ.

ಎಚ್ಚರಿಕೆ: ಹಸಿ ಹಾಲನ್ನು ಬರೀ ಬಿಸಿ ಮಾಡಿ ಬಳಸಬಾರದು. ಕಂದು ರೋಗ, ಕ್ಷಯ ಮುಂತಾದವು ಹಸಿ ಹಾಲಿನಿಂದ ಮನುಷ್ಯರಿಗೆ ಹರಡಬಲ್ಲವು. ಮೊದಲು ಚೆನ್ನಾಗಿ ಕುದಿಸಿಯೇ ಮುಂದುವರಿಯಬೇಕು.

ಡಿಕಾಕ್ಷನ್ ತಯಾರಿಕೆ

ಅಂಗಡಿಯ ಯಂತ್ರ ಹೆಚ್ಚಿನ ಒತ್ತಡದಲ್ಲಿ ಬಿಸಿನೀರನ್ನು ಕಾಫಿಪುಡಿಯ ಮೂಲಕ ಹಾಯಿಸುತ್ತದೆ. ನಮಗೆ ಸ್ಟೀಲಿನ ಫಿಲ್ಟರ್ ಸಾಕು. ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಅಚ್ಚಾದ ಚಿಕೋರಿಯ ಪ್ರಮಾಣವನ್ನು ಓದಿರಿ. ಚಿಕೋರಿ ಒಂದು ಗಿಡದ ಬೇರು. ಅದು ಬಣ್ಣ ಮತ್ತು ಗಟ್ಟಿತನ ಕೊಡುತ್ತದೆ, ಕಾಫಿಯ ಗುಣ ಕೊಡುವುದಿಲ್ಲ. ಚಿಕೋರಿ ಇಲ್ಲದ ಅಥವಾ ಶೇಕಡಾ 20ಕ್ಕೆ ಮೀರದ ಪುಡಿ ಒಳ್ಳೆಯದು. ಪುಡಿಯ ಪರಿಮಳ ಬೇಗ ಹೋಗುವುದರಿಂದ ಸ್ವಲ್ಪ ಸ್ವಲ್ಪವೇ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಎರಡು ಕಪ್ಪಿಗೆ 20 ಗ್ರಾಂ ಪುಡಿಯನ್ನು ಫಿಲ್ಟರಿನ ಮೇಲಿನ ಭಾಗದಲ್ಲಿ ಹಾಕಿ ಹಗುರವಾಗಿ ಒತ್ತಿರಿ. ಕುದಿದು ಒಲೆಯಿಂದಿಳಿಸಿದ 150 ಮಿ.ಲೀ. ನೀರನ್ನು ನಿಧಾನವಾಗಿ ಸುರಿದು ಮುಚ್ಚಿಡಿರಿ. 15-20 ನಿಮಿಷದಲ್ಲಿ ಸುಮಾರು 100 ಮಿ.ಲೀ. ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಫಿಲ್ಟರ್ ಇಲ್ಲದಿದ್ದರೆ ಅದೇ ಅಳತೆಯ ಪುಡಿ ಮತ್ತು ಬಿಸಿನೀರನ್ನು ಪಾತ್ರೆಯಲ್ಲಿ ಐದು ನಿಮಿಷ ಮುಚ್ಚಿಟ್ಟು ತೆಳು ಬಟ್ಟೆಯಲ್ಲಿ ಸೋಸಬಹುದು.

ನೊರೆ ಎಬ್ಬಿಸುವ ಕ್ರಮ

1. ಕುದಿಸಿ, ಆರಿಸಿ, ಕೆನೆ ತೆಗೆದ 200 ಮಿ.ಲೀ. ಹಾಲನ್ನು ಎತ್ತರದ, ಕಿರಿದಾದ ಪಾತ್ರೆಗೆ ಹಾಕಿರಿ. ಪಾತ್ರೆ ಮೂರನೆಯ ಒಂದು ಭಾಗ ಮಾತ್ರ ತುಂಬಿರಬೇಕು.

2. ಸಣ್ಣ ಉರಿಯಲ್ಲಿ 60ರಿಂದ 65 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಬಿಸಿ ಮಾಡಿರಿ. ಉಷ್ಣಮಾಪಕ ಇಲ್ಲದಿದ್ದರೆ ಹಾಲಿನಿಂದ ಆವಿ ಏಳತೊಡಗಿ, ಪಾತ್ರೆಯನ್ನು ಕೈಯಲ್ಲಿ ಹಿಡಿಯಲಾಗದಂತಾದಾಗ ಇಳಿಸಿರಿ. ಈ ಸಲ ಕುದಿಯಬಾರದು.

3. ಮಜ್ಜಿಗೆ ಕಡೆಯುವ ಸಣ್ಣ ಕಡಗೋಲಿನಿಂದ ಒಂದೆರಡು ನಿಮಿಷ ಬಿರುಸಾಗಿ ಕಡೆಯಿರಿ. ಕಡಗೋಲು ಹಾಲಿನ ಮೇಲ್ಮೈಗೆ ಹತ್ತಿರವಿದ್ದರೆ ಗಾಳಿ ಚೆನ್ನಾಗಿ ಸೇರುತ್ತದೆ.

4. ಪಾತ್ರೆಯ ತಳವನ್ನು ಎರಡು ಸಲ ನೆಲಕ್ಕೆ ಮೆಲ್ಲಗೆ ಬಡಿಯಿರಿ. ದೊಡ್ಡ ಗುಳ್ಳೆಗಳು ಒಡೆದು ನೊರೆ ನುಣುಪಾಗುತ್ತದೆ.

5. ಪ್ರತಿ ಕಪ್ಪಿಗೆ 50 ಮಿ.ಲೀ. ಬಿಸಿ ಡಿಕಾಕ್ಷನ್ ಮತ್ತು ಬೇಕಾದಷ್ಟು ಸಕ್ಕರೆ ಹಾಕಿ. ಚಮಚದಿಂದ ನೊರೆಯನ್ನು ತಡೆದು ಮೊದಲು ಹಾಲು ಸುರಿಯಿರಿ, ಕೊನೆಗೆ ನೊರೆಯನ್ನು ಮೇಲೆ ಹರಡಿರಿ.

ಬಿಸಿ ಹಾಲನ್ನು ಮುಚ್ಚಿದ ಬಾಟಲಿಯಲ್ಲಿ ಕುಲುಕಬೇಡಿ. ಮುಚ್ಚಳ ಹಾರಿ ಮೈ ಸುಡಬಹುದು.

ರುಚಿಯ ಬಗೆಗಳು

ಶುಂಠಿ ಕಾಫಿ: ನಮ್ಮ ಜಿಲ್ಲೆಯಲ್ಲಿ ಶುಂಠಿ ಬೆಳೆಯುವವರಿಗೆ ಇದು ಸುಲಭ. ಆದರೆ ಹಸಿ ಶುಂಠಿಯಲ್ಲಿ ಹಾಲು ಹೆಪ್ಪುಗಟ್ಟಿಸುವ ಕಿಣ್ವವಿದೆ. ನಾನೇ ಒಮ್ಮೆ ಹಸಿ ಶುಂಠಿಯ ರಸವನ್ನು ಬಿಸಿ ಹಾಲಿಗೆ ಹಿಂಡಿ ಪಾತ್ರೆಯ ಹಾಲನ್ನೆಲ್ಲ ಕೆಡಿಸಿದ್ದೇನೆ. ಆದ್ದರಿಂದ ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಆ ನೀರಿನಿಂದಲೇ ಡಿಕಾಕ್ಷನ್ ಇಳಿಸಿರಿ. ಒಣಶುಂಠಿಯ ಪುಡಿಯಾದರೆ ಒಂದು ಚಿಟಿಕೆ ಸಾಕು.

ಬೆಲ್ಲದ ಕಾಫಿ: ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುವುದುಂಟು. ಅದನ್ನು ಬಿಸಿ ಡಿಕಾಕ್ಷನ್‌ನಲ್ಲಿ ಕರಗಿಸಿ, ಸೋಸಿ, ಹಾಲನ್ನು ಕೊನೆಗೆ ಸೇರಿಸಿರಿ.

ಏಲಕ್ಕಿ ಅಥವಾ ದಾಲ್ಚಿನ್ನಿ: ನುಣ್ಣಗೆ ಪುಡಿ ಮಾಡಿ ನೊರೆಯ ಮೇಲೆ ಉದುರಿಸಿರಿ.

ಕೋಕೋ ಕಾಫಿ: ಒಂದು ಚಮಚ ಕೋಕೋ ಪುಡಿಯನ್ನು ಸಕ್ಕರೆಯೊಡನೆ ಸ್ವಲ್ಪ ಬಿಸಿ ಡಿಕಾಕ್ಷನ್‌ನಲ್ಲಿ ಗಂಟಿಲ್ಲದಂತೆ ಕಲಸಿ ಬೆರೆಸಿರಿ. ಪಟ್ಟಣದಲ್ಲಿ ಇದನ್ನೇ ಮೋಕಾ ಎನ್ನುತ್ತಾರೆ.

ಮಿತಿ ಇರಲಿ

ಊಟದ ಜೊತೆ ಕಾಫಿ ಅಥವಾ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿಡಬೇಕು. ಗರ್ಭಿಣಿಯರು ವೈದ್ಯರನ್ನು ಕೇಳಿ ಮಿತವಾಗಿ ಕುಡಿಯಬೇಕು. ಮಕ್ಕಳಿಗೆ ಕಾಫಿ ಬೇಡ. ಅದೇ ನೊರೆ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕೊಡಿರಿ.

ಕೊನೆಯದಾಗಿ ಒಂದು ಮಾತು. ಕರೆದ ಹಾಲೆಲ್ಲ ಸಂಘದ ಕ್ಯಾನಿಗೆ ಹೋಗಿ, ಮನೆಯವರು ನೀರು ಹೆಚ್ಚಾದ ಚಹಾ ಕುಡಿಯುವುದನ್ನು ನಮ್ಮ ಅನೇಕ ಹಳ್ಳಿಗಳಲ್ಲಿ ಕಾಣುತ್ತೇವೆ. ದಿನಕ್ಕೆ ಅರ್ಧ ಲೀಟರಾದರೂ ಮನೆಗೆ ಉಳಿಸಿಕೊಳ್ಳಿರಿ. ಮೆಹಕರದ ಆ ಮನೆಯಲ್ಲಿ ಅಂದು ರಾತ್ರಿಯೇ ಕಡಗೋಲು ಹಿಡಿದು ನೊರೆ ಕಾಫಿ ಮಾಡಿದೆವು. ತಂದೆ ಎರಡನೆಯ ಕಪ್ಪು ಕೇಳಿ ಕುಡಿದರು. ನೀವೂ ಮಾಡಿ ನೋಡಿರಿ.