ಇನ್ನೂರು ವೋಲ್ಟ್ ಇದ್ದೂ ಏಳದ ಕಾರು

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ. ಅವರದು ಮೂರು ವರ್ಷದ ಹೈಬ್ರಿಡ್ ಕಾರು. ಕೆಲಸಕ್ಕೆ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವುದರಿಂದ ಕಾರು ವಾರವಿಡೀ ಮನೆಯ ಮುಂದೆ ನಿಂತೇ ಇರುತ್ತದೆ. ಭಾನುವಾರ ಹೊರಡೋಣವೆಂದರೆ ಪರದೆಯ ಮೇಲೆ ಬ್ಯಾಟರಿ ಇಳಿದಿದೆ ಎಂಬ ಎಚ್ಚರಿಕೆ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿದರೆ ಏಳುತ್ತದೆ, ಮಾರುಕಟ್ಟೆಗೆ ಹೋಗಿಬರುತ್ತದೆ, ಒಂದೆರಡು ವಾರದಲ್ಲಿ ಮತ್ತೆ ಅದೇ ಕಥೆ. ‘ದೊಡ್ಡ ಬ್ಯಾಟರಿ ಹೋಗಿದೆ, ಲಕ್ಷಗಟ್ಟಲೆ ಆಗುತ್ತೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಮಾರಿಬಿಡಲೇ?’ ಎಂದು ಕೇಳಿದ್ದಾರೆ.

ಮಾರಬೇಡಿ. ಹೈಬ್ರಿಡ್ ಕಾರುಗಳ ಬಗ್ಗೆ ನಮ್ಮಲ್ಲಿ ಹಬ್ಬಿರುವ ತಪ್ಪು ತಿಳಿವಳಿಕೆಗಳಲ್ಲಿ ಇದರಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಈ ಕಾರುಗಳಲ್ಲಿ ಬ್ಯಾಟರಿ ಎರಡು. ಒಂದು, ಚಕ್ರ ತಿರುಗಿಸುವ ದೊಡ್ಡದು. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್‌ನಲ್ಲಿ ಅದು 177.6 ವೋಲ್ಟಿನ ಲಿಥಿಯಂ ಬ್ಯಾಟರಿ. 2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ 168 ನಿಕ್ಕಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ 201.6 ವೋಲ್ಟ್ ಮಾಡಿದ್ದರು. ಇನ್ನೊಂದು, ಎಲ್ಲ ಕಾರುಗಳಲ್ಲೂ ಇರುವಂಥದೇ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಕೆಲವು ಮಾದರಿಗಳಲ್ಲಿ ಇದು ಬಾನೆಟ್ ಅಡಿ ಇರುತ್ತದೆ, ಕೆಲವದರಲ್ಲಿ ಡಿಕ್ಕಿಯಲ್ಲಿ. ನಿಂತ ಕಾರು ಪದೇ ಪದೇ ‘ಬ್ಯಾಟರಿ ಲೋ’ ಎನ್ನುತ್ತಿದ್ದರೆ, ಕೇಬಲ್ ಹಾಕಿದ ತಕ್ಷಣ ಏಳುತ್ತಿದ್ದರೆ, ತಪ್ಪು ಬಹುಪಾಲು ಈ ಚಿಕ್ಕದರದ್ದೇ. ಕೇಬಲ್ಲಿನಿಂದ ಹರಿಯುವುದು 12 ವೋಲ್ಟು. ಅದರಿಂದ ಇನ್ನೂರು ವೋಲ್ಟಿನ ಬ್ಯಾಟರಿಗೆ ಜೀವ ಬರಲು ಸಾಧ್ಯವೇ ಇಲ್ಲ. ದೊಡ್ಡದು ಸತ್ತಿದ್ದರೆ ಪಕ್ಕದ ಮನೆಯವರ ಕೇಬಲ್ ಕೆಲಸಕ್ಕೇ ಬರುತ್ತಿರಲಿಲ್ಲ.

ಹಾಗಾದರೆ ಅಷ್ಟು ದೊಡ್ಡ ಬ್ಯಾಟರಿ ಪಕ್ಕದಲ್ಲೇ ಇದ್ದೂ ಕಾರು ಯಾಕೆ ಏಳಲಿಲ್ಲ? ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು.

ಕಾರನ್ನು ಆಫ್ ಮಾಡಿದ ಕ್ಷಣ ದೊಡ್ಡ ಬ್ಯಾಟರಿಯ ಎರಡೂ ತುದಿಗಳು ಉಳಿದ ಕಾರಿನಿಂದ ಪೂರ್ತಿ ಬೇರ್ಪಡುತ್ತವೆ. ಬೇರ್ಪಡಿಸುವುದು ರಿಲೇಗಳು, ಎಂದರೆ ವಿದ್ಯುತ್ಕಾಂತದಿಂದ ಮುಚ್ಚಿಕೊಳ್ಳುವ ದಪ್ಪ ಸ್ವಿಚ್ಚುಗಳು. ಕಾಂತಕ್ಕೆ ವಿದ್ಯುತ್ ಇಲ್ಲದಾಗ ಸ್ಪ್ರಿಂಗು ಅವನ್ನು ತೆರೆದೇ ಇಡುತ್ತದೆ. ಇದು ಬೇಕೆಂದೇ ಹಾಗೆ ಮಾಡಿರುವುದು. ಕಾರು ಅಪಘಾತಕ್ಕೆ ಸಿಕ್ಕಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ರಿಲೇಗಳು ತೆರೆದುಕೊಳ್ಳುತ್ತವೆ. ಕಾರಿನಡಿ ಹಾದುಹೋಗುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಿಗೆ ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿ, ಒಳಗಿದ್ದವರನ್ನು ಎಳೆದು ತೆಗೆಯಲು ಬಂದವರ ಜೀವ ಉಳಿಯುತ್ತದೆ. ಆ ಕಾಂತಕ್ಕೆ ವಿದ್ಯುತ್ ಕೊಡುವುದು ಯಾರು? 12 ವೋಲ್ಟಿನ ಬ್ಯಾಟರಿ. ಕಣಜದ ತುಂಬ ಭತ್ತವಿದ್ದರೂ ಬೀಗದ ಕೈ ಇಟ್ಟುಕೊಂಡವನು ಊರಲ್ಲಿಲ್ಲದಿದ್ದರೆ ಮನೆಯವರು ಉಪವಾಸವೇ ಇರಬೇಕು.

ರಿಲೇ ಮುಚ್ಚುವ ರೀತಿಯೂ ಸೊಗಸಾಗಿದೆ. ಮೋಟಾರಿಗೆ ವಿದ್ಯುತ್ ಪರಿವರ್ತಿಸಿ ಕೊಡುವ ಇನ್ವರ್ಟರಿನಲ್ಲಿ ದೊಡ್ಡ ಕೆಪಾಸಿಟರ್ ಇರುತ್ತದೆ, ರಾತ್ರಿಯಿಡೀ ಬರಿದಾಗಿ. ಅದಕ್ಕೆ ಇನ್ನೂರು ವೋಲ್ಟನ್ನು ಒಮ್ಮೆಲೇ ಸುರಿದರೆ ಕಿಡಿ ಹಾರಿ ರಿಲೇಯ ಲೋಹವೇ ಕರಗಿ ಅಂಟಿಕೊಂಡೀತು. ಆದ್ದರಿಂದ ಮೂರು ರಿಲೇಗಳನ್ನು ಇಟ್ಟಿರುತ್ತಾರೆ. ಮೊದಲು ಒಂದು ತುದಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ರೆಸಿಸ್ಟರ್ ಜೋಡಿಸಿದ ಸಣ್ಣ ರಿಲೇ ಮುಚ್ಚಿ, ವಿದ್ಯುತ್ತನ್ನು ಹದವಾಗಿ ಬಿಡುತ್ತದೆ. ಕೆಪಾಸಿಟರ್ ತುಂಬಿದ ಮೇಲೆ ಮುಖ್ಯ ರಿಲೇ ಮುಚ್ಚಿಕೊಂಡು, ಸಣ್ಣದು ಹಿಂದೆ ಸರಿಯುತ್ತದೆ. ಇಷ್ಟೂ ಮುಗಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಬೆಳಿಗ್ಗೆ ಬೀದಿ ಸದ್ದಿಲ್ಲದಿರುವಾಗ ಪವರ್ ಬಟನ್ ಒತ್ತಿ ಕಿವಿಗೊಡಿ; ಹಿಂದಿನ ಸೀಟಿನ ಕಡೆಯಿಂದ ‘ಟಕ್, ಟಕ್’ ಎಂದು ಕೇಳಿಸುತ್ತದೆ. ಆಮೇಲೆ ‘ರೆಡಿ’ ಎಂದು ಬೆಳಗುತ್ತದೆ. ನನಗಂತೂ ಎಂಜಿನ್ನಿನ ಗುಡುಗಿಗಿಂತ ಈ ಸದ್ದಿನಲ್ಲೇ ಹೆಚ್ಚು ಬುದ್ಧಿವಂತಿಕೆ ಕಾಣುತ್ತದೆ.

ಎಂಜಿನ್ ತಿರುಗಿಸುವ ಕೆಲಸವೂ 12 ವೋಲ್ಟಿನದ್ದಲ್ಲ. ಮಾಮೂಲಿ ಕಾರಿನಲ್ಲಿ ಸೆಲ್ಫ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ಇಲ್ಲಿ ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರೇ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ ಎಬ್ಬಿಸುತ್ತದೆ. (ಮೈಲ್ಡ್ ಹೈಬ್ರಿಡ್ ಎಂದು ಮಾರುವ ಕಾರುಗಳ ಏರ್ಪಾಡು ಬೇರೆ, ಅವುಗಳ ಮಾತು ಈಗ ಬೇಡ.) ಚಿಕ್ಕ ಬ್ಯಾಟರಿಗೆ ಉಳಿದದ್ದು ಕಂಪ್ಯೂಟರುಗಳನ್ನೂ ಬ್ರೇಕ್ ವ್ಯವಸ್ಥೆಯನ್ನೂ ಎಚ್ಚರಿಸಿ ರಿಲೇ ಮುಚ್ಚುವ ಹಗುರ ಕೆಲಸ.

ಈ ಹಗುರ ಕೆಲಸವೇ ಮೋಸ ಮಾಡುವುದು. ಹಳೆಯ ಕಾರಿನ ಬ್ಯಾಟರಿ ಸೋಲುವ ಮೊದಲು ನರಳುತ್ತದೆ. ಚಳಿಯ ಬೆಳಿಗ್ಗೆ ಸೆಲ್ಫ್ ಎಳೆದೆಳೆದು ತಿರುಗುತ್ತದೆ, ಮನೆಯವರಿಗೆಲ್ಲ ಕೇಳಿಸುತ್ತದೆ. ಹೈಬ್ರಿಡ್‌ನಲ್ಲಿ ಆ ನರಳಾಟ ಇಲ್ಲ. ಶಕ್ತಿಯ ಬಹುಭಾಗ ಕಳೆದುಕೊಂಡ ಬ್ಯಾಟರಿಯೂ ತಿಂಗಳುಗಟ್ಟಲೆ ಕಾರನ್ನು ಸಲೀಸಾಗಿ ಎಬ್ಬಿಸುತ್ತಿರುತ್ತದೆ. ಒಂದು ದಿನ ವೋಲ್ಟೇಜು ಗೆರೆ ದಾಟಿ ಕೆಳಗಿಳಿದಾಗ ಬ್ರೇಕು, ಸ್ಟೀರಿಂಗು, ಗೇರು ಎಂದು ಸಂಬಂಧವಿಲ್ಲದ ಹತ್ತು ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಕಂಪ್ಯೂಟರುಗಳು ಸಾಕಷ್ಟು ವಿದ್ಯುತ್ ಸಿಗದೆ ಒಂದೊಂದಾಗಿ ದೂರು ಹೇಳುತ್ತಿರುತ್ತವೆ. ನೋಡಿದವರು ಇಡೀ ಕಾರೇ ಕೆಟ್ಟಿತೆಂದು ಹೌಹಾರುತ್ತಾರೆ.

ಇನ್ನು ಪದೇ ಪದೇ ಇಳಿಯುವುದೇಕೆ ಎಂಬ ಪ್ರಶ್ನೆ. ಬೀಗ ಹಾಕಿ ನಿಲ್ಲಿಸಿದ ಕಾರು ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ, ಗಡಿಯಾರ, ಸ್ಮಾರ್ಟ್ ಕೀ ಹತ್ತಿರ ಬಂತೇ ಎಂದು ಹುಡುಕುವ ಆಂಟೆನಾ, ಎಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ಅದು ಸಹಜ. 30 ಎಂದೇ ಹಿಡಿಯಿರಿ. ದಿನಕ್ಕೆ 0.72 ಆಂಪಿಯರ್-ಗಂಟೆ. ಹೈಬ್ರಿಡ್‌ಗಳ ಚಿಕ್ಕ ಬ್ಯಾಟರಿ ನಿಜಕ್ಕೂ ಚಿಕ್ಕದು. 35 ಆಂಪಿಯರ್-ಗಂಟೆಯದು ಎಂದುಕೊಂಡರೆ ಇಪ್ಪತ್ತು ದಿನದಲ್ಲಿ ನೂರಕ್ಕೆ ನಲವತ್ತು ಭಾಗ ಖಾಲಿ. ಇದಕ್ಕೆ ಹಗಲೂ ರಾತ್ರಿ ಕಾವಲು ಕಾಯುವ ಡ್ಯಾಶ್‌ಕ್ಯಾಮ್ ಸೇರಿಸಿ. ಅದು 250 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 6 ಆಂಪಿಯರ್-ಗಂಟೆ ಹೋಯಿತು. ಮೂರು ದಿನಕ್ಕೆ ಅರ್ಧ ಬ್ಯಾಟರಿ ಮುಗಿಯುತ್ತದೆ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಬೋರ್ಡಿನ ಗಣಪತಿಗೆ ನೇರ ತಂತಿ ಎಳೆದು ಹಾಕಿದ ಬಣ್ಣದ ದೀಪ, ಇವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ.

ಎಬ್ಬಿಸಿದ ಮೇಲೆ ಹದಿನೈದು ನಿಮಿಷ ಮಾರುಕಟ್ಟೆಗೆ ಓಡಿಸಿದಿರಿ. ಸರಾಸರಿ 10 ಆಂಪಿಯರ್ ಒಳಗೆ ಹೋಯಿತೆಂದರೂ ತುಂಬಿದ್ದು ಎರಡೂವರೆ ಆಂಪಿಯರ್-ಗಂಟೆ. ಡ್ಯಾಶ್‌ಕ್ಯಾಮ್ ಅದನ್ನು ಅರ್ಧ ದಿನದೊಳಗೆ ತಿಂದು ಮುಗಿಸುತ್ತದೆ. ಸೀಸ-ಆಮ್ಲದ ಬ್ಯಾಟರಿ ಅವಸರಕ್ಕೆ ಬಗ್ಗುವುದೂ ಇಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಇದನ್ನು ಕಂಡುಹಿಡಿದ ಕಾಲದಿಂದಲೂ ಅದರ ಸ್ವಭಾವ ಅದೇ: ಬರಿದಾಗಿದ್ದಾಗ ಗಟಗಟನೆ ಕುಡಿಯುತ್ತದೆ, ತುಂಬುತ್ತ ಬಂದಂತೆ ಗುಟುಕು ಗುಟುಕಾಗಿ. ಕೊನೆಯ ಐದನೇ ಒಂದು ಭಾಗ ತುಂಬಲು ಗಂಟೆಗಳೇ ಬೇಕು. ಅರೆಬರೆ ತುಂಬಿ ನಿಂತಾಗ ಫಲಕಗಳ ಮೇಲೆ ಕೂತ ಸೀಸದ ಸಲ್ಫೇಟು ವಾರಗಳಲ್ಲಿ ದಪ್ಪ ಹರಳುಗಳಾಗಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದು ಕಷ್ಟ. ಹೀಗೆ ಪ್ರತಿ ಸಲವೂ ಬ್ಯಾಟರಿಯ ಹೊಟ್ಟೆ ಸ್ವಲ್ಪ ಸ್ವಲ್ಪ ಕಿರಿದಾಗುತ್ತ ಹೋಗುತ್ತದೆ. ಪ್ರತಿ ಬಾರಿ ಕೇಬಲ್ ಹಾಕಿ ಎಬ್ಬಿಸಿ, ಒಂದು ಸುತ್ತು ಓಡಿಸಿ, ‘ಸರಿಹೋಯಿತು’ ಎಂದು ನಿಲ್ಲಿಸಿದ್ದೇ ಮುಂದಿನ ಎಚ್ಚರಿಕೆಗೆ ಕಾರಣ.

ತಯಾರಕರಿಗೆ ಇದು ಗೊತ್ತಿಲ್ಲದ್ದೇನಲ್ಲ. ಸ್ಮಾರ್ಟ್ ಕೀ ಇರುವ ಹಲವು ಟೊಯೊಟಾ ಕಾರುಗಳ ಕೈಪಿಡಿ ತೆರೆದು ನೋಡಿ. ಐದು ದಿನ ಯಾರೂ ಮುಟ್ಟದಿದ್ದರೆ ಬೀಗ ತೆರೆಯಲು ಕಾರು ಕೊಂಚ ನಿಧಾನಿಸುತ್ತದೆ. ಹದಿನಾಲ್ಕು ದಿನ ಕಳೆದರೆ ಕೀ ಜೇಬಿನಲ್ಲಿದ್ದರೂ ಚಾಲಕನ ಬಾಗಿಲೊಂದನ್ನು ಬಿಟ್ಟು ಉಳಿದವು ತೆರೆಯುವುದಿಲ್ಲ. ಹನಿ ಹನಿ ವಿದ್ಯುತ್ ಉಳಿಸಲು ಕಾರು ತನ್ನ ಕಿವಿಗಳನ್ನು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದೆ. ಅದೇ ಕೀಯನ್ನು ಕಾರಿನಿಂದ ಎರಡು ಮೀಟರ್ ದೂರದ ಗೋಡೆಯ ಮೊಳೆಗೆ ನೇತುಹಾಕಿದರೆ ಎರಡೂ ಸುಮ್ಮನೆ ಮಾತಾಡಿಕೊಳ್ಳುತ್ತ ಕೂರುತ್ತವೆ. ಕೀಯನ್ನು ಒಳಮನೆಯಲ್ಲಿಡಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಯಾರಿಗೋ ಕಾಯುತ್ತ ಕಾರಿನಲ್ಲಿ ಕೂತವರು ‘ಬ್ಯಾಟರಿ ಉಳಿಯಲಿ’ ಎಂದು ಕಾರು ಆಫ್ ಮಾಡಿ, ಬ್ರೇಕ್ ಒತ್ತದೆ ಬಟನ್ ಒತ್ತಿ ಹಾಡು ಹಾಕಿಕೊಳ್ಳುತ್ತಾರೆ. ಹೈಬ್ರಿಡ್‌ನಲ್ಲಿ ಇದು ತಿರುವುಮುರುವು. ಇದರಲ್ಲಿ ಆಲ್ಟರ್ನೇಟರ್ ಇಲ್ಲ; ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಸುಮಾರು 14 ವೋಲ್ಟಿಗೆ ಇಳಿಸಿ ಚಿಕ್ಕದಕ್ಕೆ ಕೊಡುವ ಡಿಸಿ ಕನ್ವರ್ಟರ್ ಇದೆ. ಅದು ಕೆಲಸ ಮಾಡುವುದು ‘ರೆಡಿ’ ದೀಪ ಬೆಳಗಿರುವಾಗ ಮಾತ್ರ. ರೆಡಿ ಇದ್ದರೆ ಎಂಜಿನ್ ನಿಂತಿದ್ದರೂ ಚಿಕ್ಕ ಬ್ಯಾಟರಿ ತುಂಬುತ್ತಿರುತ್ತದೆ. ರೆಡಿ ಇಲ್ಲದೆ ಹಾಡು ಕೇಳಿದರೆ ಅಷ್ಟೂ ವಿದ್ಯುತ್ ಚಿಕ್ಕದರಿಂದಲೇ ಹೋಗುತ್ತದೆ. ನಿಂತಾಗ ರೆಡಿ ಇಟ್ಟು ಗೇರನ್ನು ಪಾರ್ಕ್‌ನಲ್ಲಿಡಿ. ನ್ಯೂಟ್ರಲ್‌ನಲ್ಲಿ ಬಹಳ ಹೊತ್ತು ಬಿಡಬೇಡಿ, ಅಲ್ಲಿ ಎಂಜಿನ್ ಓಡಿದರೂ ದೊಡ್ಡ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ರೆಡಿಯಲ್ಲಿಟ್ಟರೆ ನಿಲ್ಲಿಸಿದ ಕಾರಿಗೆ ಒಳ್ಳೆಯದು, ಆದರೆ ಬಯಲಿನಲ್ಲಿ. ಎಂಜಿನ್ ತನ್ನಷ್ಟಕ್ಕೆ ಎದ್ದು ಹೊಗೆ ಬಿಡುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಪತ್ತೆ ಹಚ್ಚುವುದಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಒಂದು ರಾತ್ರಿ ಕಾರನ್ನು ಮುಟ್ಟದೆ ಬಿಟ್ಟು, ಬೆಳಿಗ್ಗೆ ಬಾಗಿಲು ತೆರೆದು ಕಾರನ್ನು ಎಚ್ಚರಿಸುವ ಮೊದಲೇ ಚಿಕ್ಕ ಬ್ಯಾಟರಿಯ ವೋಲ್ಟೇಜ್ ನೋಡಿ. ರಾತ್ರಿಯೇ ಅಲ್ಲಿಗೆ ಕೈ ಎಟುಕುವಂತೆ ಮಾಡಿಟ್ಟುಕೊಂಡಿರಬೇಕು. 12.6 ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಬರಿದು. ಆಮೇಲೆ ರೆಡಿ ಮಾಡಿ ನೋಡಿ. 14ರ ಆಸುಪಾಸು ಏರಿದರೆ ಕನ್ವರ್ಟರ್ ಆರೋಗ್ಯವಾಗಿದೆ. ಏರದೆ ಹೋದರೆ ಮಾತ್ರ ಸರ್ವಿಸ್ ಸೆಂಟರಿನ ದೊಡ್ಡ ಪರೀಕ್ಷೆ ಬೇಕು. ಎರಡೂ ಸರಿಯಿದ್ದು ನಾಲ್ಕು ದಿನದಲ್ಲಿ ಮತ್ತೆ ಇಳಿದರೆ ಯಾವುದೋ ಸೋರುತ್ತಿದೆ. ಮೊದಲು ಹೊರಗಿನಿಂದ ಹಾಕಿಸಿದ್ದನ್ನೆಲ್ಲ ಕಿತ್ತು ನೋಡಿ, ಡ್ಯಾಶ್‌ಕ್ಯಾಮಿನಿಂದಲೇ ಶುರುಮಾಡಿ. ಆಗಲೂ ಇಳಿದರೆ ಮೆಕ್ಯಾನಿಕ್ ಕ್ಲ್ಯಾಂಪ್ ಮೀಟರ್ ಹಾಕಿ, ಕಾರಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಅರ್ಧ ಗಂಟೆ ಬಿಟ್ಟು, ಒಂದೊಂದೇ ಫ್ಯೂಸ್ ತೆಗೆದು ಸೋರಿಕೆ ಎಲ್ಲಿ ನಿಲ್ಲುತ್ತದೆಂದು ಹಿಡಿಯುತ್ತಾರೆ. ಆ ಅರ್ಧ ಗಂಟೆ ಕಾಯದ ಮೆಕ್ಯಾನಿಕ್ಕಿನ ಅಳತೆಯನ್ನು ನಂಬಬೇಡಿ. ಕಿತ್ತಳೆ ಕೇಬಲ್ಲುಗಳ ಹತ್ತಿರ ಯಾರೂ ಕೈ ಹಾಕಬಾರದು. ಜಂಪರ್ ಹಾಕುವಾಗ ಕೆಂಪು-ಕಪ್ಪು ಅದಲುಬದಲಾದರೆ ಫ್ಯೂಸಿನ ಜೊತೆ ಕನ್ವರ್ಟರೂ ಸುಟ್ಟೀತು. ನಿಜವಾದ ದೊಡ್ಡ ಬಿಲ್ಲು ಬರುವುದು ಆಗ.

ಆಷಾಢದ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಹೊಸ ವಾಹನ ಆಷಾಢದಲ್ಲಿ ಮನೆಗೆ ಬರಬಾರದೆಂದು ಹಣ ಕಟ್ಟಿದ ಕಾರನ್ನೂ ಶ್ರಾವಣದವರೆಗೆ ಯಾರ್ಡಿನಲ್ಲೇ ನಿಲ್ಲಿಸುವವರು ನಮ್ಮಲ್ಲಿ ಬಹಳ. ಮೇಲಿನ ಲೆಕ್ಕವನ್ನೇ ಹಾಕಿ: ಮೂವತ್ತು ದಿನಕ್ಕೆ ಇಪ್ಪತ್ತೊಂದೂವರೆ ಆಂಪಿಯರ್-ಗಂಟೆ ಮೀರುತ್ತದೆ, ಅರ್ಧಕ್ಕಿಂತ ಹೆಚ್ಚು ಬ್ಯಾಟರಿ. ಯಾರೂ ಚಾರ್ಜರ್ ಹಾಕದಿದ್ದರೆ ಸಲ್ಫೇಟು ಗಟ್ಟಿಯಾಗತೊಡಗಿದ ಬ್ಯಾಟರಿಗೇ ನಾವು ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಕೆಟ್ಟ ಕಾಲವನ್ನು ತಪ್ಪಿಸಲು ಹೋಗಿ ಕಾರಿಗೆ ಕೆಟ್ಟದ್ದನ್ನು ಮಾಡಿದಂತಾಯಿತು. ಕಾರು ಸಿದ್ಧವಾದ ದಿನವೇ ತನ್ನಿ. ಅಷ್ಟು ಧೈರ್ಯ ಬಾರದಿದ್ದರೆ, ತೆಗೆದುಕೊಳ್ಳುವ ಮುಂಚೆ ರಾತ್ರಿ ನಿಂತ ಬ್ಯಾಟರಿಯ ವೋಲ್ಟೇಜ್ ಎಷ್ಟೆಂದು ಕೇಳಿ ಬರೆಸಿಕೊಳ್ಳಿ.

ಮೂರು ವರ್ಷವಾದ ಬ್ಯಾಟರಿ ಹಲವು ಸಲ ಪೂರ್ತಿ ಇಳಿದಿದ್ದರೆ ಮೊದಲು ಚಾರ್ಜರ್‌ನಲ್ಲಿ ರಾತ್ರಿಯಿಡೀ ತುಂಬಿಸಿ, ಅಂಗಡಿಯಲ್ಲಿ ಲೋಡ್ ಪರೀಕ್ಷೆ ಮಾಡಿಸಿ. ಸೋತರೆ ಬದಲಾಯಿಸುವುದೇ ಸರಿ. ಸೀಸದ ಬ್ಯಾಟರಿಗೆ ಬಿಸಿಲು ಶತ್ರು. ಹತ್ತು ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿಯವರ ಸ್ಥೂಲ ಲೆಕ್ಕ. ರಾಯಚೂರು, ಕಲಬುರಗಿಯವರು ಮೈಸೂರಿನವರಿಗಿಂತ ಬೇಗ ಹೊಸದು ಹಾಕಿಸಬೇಕಾದೀತು. ಖರ್ಚು ಸಾವಿರಗಳಲ್ಲಿ. ಲಕ್ಷದ ಮಾತಾಡುವವರಿಗೆ ಇದನ್ನೂ ಹೇಳಿ: ಟೊಯೊಟಾ ಭಾರತದಲ್ಲಿ ತನ್ನ ಹೈಬ್ರಿಡ್‌ಗಳ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ.

ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಇರುವ ಕಾರಾದರೆ ಅಗ್ಗಕ್ಕೆ ಸಿಕ್ಕಿದ ಮಾಮೂಲಿ ಬ್ಯಾಟರಿ ತುರುಕಿಸಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ನೀವು ಕೂತ ಜಾಗದಲ್ಲೇ. ಅದಕ್ಕಾಗಿ ಮೂಲ ಬ್ಯಾಟರಿ ಸೀಲ್ ಮಾಡಿದ ಎಜಿಎಂ ಬಗೆಯದಾಗಿದ್ದು, ಅನಿಲವನ್ನು ಕಾರಿನ ಹೊರಗೆ ಒಯ್ಯುವ ತೆಳು ಕೊಳವೆಯೊಂದು ಅದಕ್ಕೆ ಜೋಡಣೆಯಾಗಿರುತ್ತದೆ. ಹೊಸದೂ ಅದೇ ಬಗೆಯದಿರಲಿ. ಅಂಗಡಿಯವರು ಆ ಕೊಳವೆಯನ್ನು ಮತ್ತೆ ಸಿಕ್ಕಿಸಿದರೇ ಎಂದು ಡಿಕ್ಕಿ ಮುಚ್ಚುವ ಮುಂಚೆ ನೀವೇ ಬಗ್ಗಿ ನೋಡಿ.